ಬರಡೆಂದು ಬರೆದ ಬಿಳಿದಿಣ್ಣೆ

ಹಳೆ ಗಣಿಯ ರಸ್ತೆ, ಕೊನೆಯ ಮನೆ
ಫೆಬ್ರವರಿ ೩, ಮಂಗಳವಾರ

ಪ್ರೀತಿಯ ಕಲ್ಲುಮಾವನಿಗೆ,

ಮೂವತ್ನಾಲ್ಕು ವರ್ಷದ ಹಿಂದೆ, ನವೆಂಬರ್ ಹದಿನೇಳರ ಬೆಳಗ್ಗೆ ಎಂಟು ಗಂಟೆಗೆ, ಕಂಪನಿಯ ಗೇಟಿನ ಪಕ್ಕದ ಗಾಜಿನ ಫಲಕದ ಮೇಲೆ ಒಂದು ನೋಟೀಸು ಅಂಟಿಸಿದರು. ಪುಡಿಕೋಣೆಯ ಮೇಸ್ತ್ರಿ, ಅಂದರೆ ನನ್ನ ಅಪ್ಪ, ಪರೀಕ್ಷೆಗೆ ಹೋಗುವ ಕಲ್ಲಿನ ಪುಡಿಗೆ ಚಿನ್ನ ಬೆರೆಸಿ, ಗುಡ್ಡದಲ್ಲಿ ಇಲ್ಲದ್ದನ್ನು ಇದೆಯೆಂದು ತೋರಿಸಿ ಮೋಸ ಮಾಡಿದ್ದಾನೆ ಎಂದು ಅದರಲ್ಲಿತ್ತು. ಕೆಳಗೆ ಎರಡು ಸಹಿ. ಒಂದು ಮುಖ್ಯ ಕಚೇರಿಯಿಂದ ಬಂದವರದು, ಇನ್ನೊಂದು ಇಲ್ಲಿನ ಭೂವಿಜ್ಞಾನಿಯದು. ಭೂವಿಜ್ಞಾನಿ ನೀವು. ಇದನ್ನು ಮೊದಲೇ ಬರೆದುಬಿಟ್ಟರೆ ಒಳ್ಳೆಯದು ಅನ್ನಿಸಿತು. ಹೊಟ್ಟೆಯಲ್ಲಿ ಇಟ್ಟುಕೊಂಡು ಕುಶಲ ವಿಚಾರಿಸಿದರೆ ಅದು ನಾಟಕವಾಗುತ್ತದೆ.

ಈಗ ಕೇಳುತ್ತೇನೆ, ಮಂಡಿ ಹೇಗಿದೆ? ಆಪರೇಷನ್ ಆದಮೇಲೆ ಕೋಲು ಹಿಡಿದು ಗೇಟಿನ ತನಕ ನಡೆಯುತ್ತೀರಿ ಎಂದು ನಿಮ್ಮ ಮಗಳು ಫೋನಿನಲ್ಲಿ ಹೇಳಿದಳು. ಬೆಳಕು ಹರಿಯುವ ಮೊದಲೇ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿ, ನಾವು ಹಲ್ಲುಜ್ಜುವಷ್ಟರಲ್ಲಿ ಎರಡೂ ಜೇಬಿನ ತುಂಬ ಕಲ್ಲು ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ ಮನುಷ್ಯ ಗೇಟಿನ ತನಕ ಎಂದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಣ್ಣಿನ ಪೊರೆಯೂ ತೆಗೆಸಿದ್ದೀರಂತೆ. ಅದಕ್ಕೇ ಅಕ್ಷರ ದಪ್ಪಗೆ ಬರೆದಿದ್ದೇನೆ, ಯಾರ ಕೈಯಲ್ಲೂ ಓದಿಸಿಕೊಳ್ಳುವ ಅಗತ್ಯ ಬೀಳದಿರಲಿ. ಅಮ್ಮನಿಗೆ ಎಂಬತ್ನಾಲ್ಕು ತುಂಬಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ನಾನು ಕಾಗದ ಪೆನ್ನು ತೆಗೆದರೆ ಸಾಕು, "ಮರಿಗೆ ಬರೀತಿದ್ದೀಯಾ? ತಂಪು ಹೊತ್ತಲ್ಲಿ ಹೊರಗೆ ಕೂರ್ಬೇಡ ಅಂತ ಬರಿ" ಅನ್ನುತ್ತಾಳೆ. ತಮ್ಮನಿಗೆ ಎಪ್ಪತ್ತೊಂಬತ್ತಾದರೂ ಅವಳ ಬಾಯಲ್ಲಿ ನೀವಿನ್ನೂ ಮರಿಯೇ. ನಾನು ಹೋದ ಜುಲೈಯಲ್ಲಿ ಗ್ರಂಥಾಲಯದಿಂದ ನಿವೃತ್ತಳಾದೆ. ಆದರೂ ದಿನಾ ಹೋಗುತ್ತೇನೆ, ಈಗ ಓದುವವಳಾಗಿ. ನನ್ನ ಕುರ್ಚಿಗೆ ಬಂದಾತ ನಾನು ಒಳಗೆ ಕಾಲಿಟ್ಟರೆ ಮೇಜಿನ ಕೆಳಗಿಂದ ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುತ್ತಾನೆ. ಪಾಪ, ಒಳ್ಳೆಯವನು.

ಸಮಾಚಾರ ಏನೆಂದರೆ, ಗುಡ್ಡಕ್ಕೆ ಮತ್ತೆ ಜನ ಬಂದಿದ್ದಾರೆ. ಹೊಸ ಕಂಪನಿ ಬಂದು ಮೂರು ವರ್ಷವಾಯಿತು. ಹಳೆಯ ಶೆಡ್ಡುಗಳ ಬೀಗ ಒಡೆದು, ನಿಮ್ಮ ಕಾಲದಲ್ಲಿ ನೆಲ ಕೊರೆದು ತೆಗೆದ ಕಲ್ಲಿನ ಉದ್ದುದ್ದ ಕಡ್ಡಿಗಳನ್ನೆಲ್ಲ ಮತ್ತೆ ಹೊರಗಿಟ್ಟು ನೋಡಿದರು. ಅರ್ಧ ಪೆಟ್ಟಿಗೆಗಳನ್ನು ಗೆದ್ದಲು ತಿಂದು ಕಡ್ಡಿಗಳು ಒಂದರೊಳಗೊಂದು ಸೇರಿಹೋಗಿದ್ದವು. ಈಗ ಗಣಿಗೆ ಅನುಮತಿ ಕೇಳುತ್ತಿದ್ದಾರೆ. ಇದೇ ತಿಂಗಳ ಹತ್ತೊಂಬತ್ತಕ್ಕೆ ಶಾಲೆಯ ಸಭಾಂಗಣದಲ್ಲಿ ಸಾರ್ವಜನಿಕ ವಿಚಾರಣೆ. ಅದಕ್ಕಾಗಿ ತಯಾರಿಸಿದ ವರದಿಯನ್ನು ಜನ ಓದಲಿ ಎಂದು ಗ್ರಂಥಾಲಯದಲ್ಲಿ ಇಟ್ಟಿದ್ದಾರೆ. ಎರಡು ಸಂಪುಟ, ನಾನೂರ ಹನ್ನೆರಡು ಪುಟ. ಓದಿದ ಜನ ಎಂದರೆ ನಾನೊಬ್ಬಳು. ಸಹಿ ಹಾಕುವ ಪುಸ್ತಕದಲ್ಲಿ ಒಂಬತ್ತು ದಿನ ನನ್ನ ಹೆಸರೇ ಇದೆ.

ಮೂವತ್ತೆಂಟನೆಯ ಪುಟದಲ್ಲಿ 'ಅನ್ವೇಷಣೆಯ ಇತಿಹಾಸ' ಎಂಬ ಭಾಗವಿದೆ. ನೀವು ಊಟದ ತಟ್ಟೆಯ ಮುಂದೆ ಕೂತು ನಮಗೆ ಹೇಳುತ್ತಿದ್ದ ಕಥೆಯೇ, ಉಪ್ಪು ಖಾರವಿಲ್ಲದೆ. ಮೊದಲು ಹೆಸರಿಲ್ಲದವರು ಬಂದರು. ಬಂಡೆಯಲ್ಲಿ ಕಲ್ಲು ಅರೆದ ಗುಳಿಗಳನ್ನೂ, ಮಣ್ಣು ತುಂಬಿದ ಗುಂಡಿಗಳನ್ನೂ ಬಿಟ್ಟು, ನೀರು ತಡೆಯುವ ತನಕ ಚಿನ್ನವಿರುವ ಬೆಣಚುಕಲ್ಲಿನ ಎಳೆಯ ಹಿಂದೆ ಇಳಿದು, ಆಮೇಲೆ ಕಾಣೆಯಾದರು. ನೂರ ಹತ್ತು ವರ್ಷದ ಹಿಂದೆ ಒಂದು ಕಂಪನಿ ಬಂದು ನೂರ ಮೂವತ್ತು ಅಡಿ ಬಾವಿ ತೋಡಿತು. ಅಲ್ಲಿ ಭೂಮಿ ಎಂದೋ ಬಿರಿದು ಜಾರಿದ ಜಾಗ ಸಿಕ್ಕು ಎಳೆ ಕತ್ತರಿಸಿದಂತೆ ಮಾಯವಾಯಿತು. "ಎಡಕ್ಕೆ ಹುಡುಕಿದ್ರು ಪುಣ್ಯಾತ್ಮರು, ಅದು ಬಲಕ್ಕೆ ಹೋಗಿ ಕೂತಿತ್ತು" ಎಂದು ನೀವು ನಗುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಅರವತ್ತು ವರ್ಷದ ಹಿಂದೆ ಸರ್ವೆಯವರು ಹನ್ನೊಂದು ಕಂದಕ ಅಗೆದು, ಈ ಎಳೆ ಮಣಿಸರದ ಹಾಗೆ, ಒಂದು ಕಡೆ ಉಬ್ಬುತ್ತದೆ, ಒಂದು ಕಡೆ ನೂಲಾಗುತ್ತದೆ, ನಂಬಿ ದುಡ್ಡು ಹಾಕಬೇಡಿ ಎಂದು ಬರೆದು ಹೋದರು. ನಾಲ್ಕನೆಯವರು ನೀವು. ನಿಮ್ಮ ಬಗ್ಗೆ ಇರುವುದು ಒಂದೇ ಪ್ಯಾರ. ಕೊರೆದ ರಂಧ್ರಗಳು ಹದಿನಾಲ್ಕು. ಫಲಿತಾಂಶಗಳನ್ನು ನಂಬುವಂತಿಲ್ಲ, ಯಾಕೆಂದರೆ ಪುಡಿಕೋಣೆಯ ನೌಕರನೊಬ್ಬ ತನ್ನ ಉಂಗುರದಿಂದ ಉಜ್ಜಿದ ಚಿನ್ನವನ್ನು ಮಾದರಿಗಳಿಗೆ ಬೆರೆಸಿದ್ದು ಸಾಬೀತಾಗಿದೆ. 'ನೋಡಿ: ಅನುಬಂಧ ಏಳು' ಎಂದಿದೆ. ಅನುಬಂಧ ಏಳು ನಿಮ್ಮ ವರದಿ. ಗಾಜಿನ ಫಲಕದ ನೋಟೀಸು ಎರಡು ಮಳೆಗೆ ಹರಿದುಹೋಯಿತು ಮಾವ. ಇದು ಹರಿಯುವುದಿಲ್ಲ. ಹತ್ತೊಂಬತ್ತಕ್ಕೆ ಇದನ್ನು ಊರಿನ ಮುಂದೆ ಓದುತ್ತಾರೆ, ಆಮೇಲೆ ಸರ್ಕಾರದ ಕಡತದಲ್ಲಿ ಇಡುತ್ತಾರೆ. ನಾಳೆ ಯಾರು ಈ ಗುಡ್ಡದ ಬಗ್ಗೆ ಏನು ಬರೆಯಲಿ, ಅಪ್ಪ ಅದರಲ್ಲಿ ಕಳ್ಳನಾಗಿಯೇ ಇರುತ್ತಾನೆ.

ಅದರ ಮುಂದಿನ ಅಧ್ಯಾಯದ ಹೆಸರು 'ಹೊಸ ಶೋಧ: ಪೂರ್ವದ ಎಳೆ'. ಅದನ್ನು ಕಂಡುಹಿಡಿದ ಹುಡುಗಿ, ಅವರ ಭೂವಿಜ್ಞಾನಿ, ಎರಡು ವರ್ಷದ ಹಿಂದೆ ಹಳೆಯ ನಕ್ಷೆ ಹುಡುಕಿಕೊಂಡು ಗ್ರಂಥಾಲಯಕ್ಕೆ ಬಂದಿದ್ದಳು. ಕೆಸರು ಬೂಟನ್ನು ಹೊರಗೆ ಬಿಟ್ಟು ಬರಿ ಸಾಕ್ಸಿನಲ್ಲಿ ಒಳಗೆ ಬಂದಳು. ಅಷ್ಟಕ್ಕೇ ನನಗೆ ಇಷ್ಟವಾದಳು. ನಕ್ಷೆ ಹರಡಿಕೊಂಡು ಪೂರ್ವದ ಇಳಿಜಾರಿನ ಮೇಲೆ ಬೆರಳಿಟ್ಟು ಕೇಳಿದಳು: "ಮೇಡಂ, ಈ ಬಿಳಿದಿಣ್ಣೇಲಿ ಯಾರೋ ಹಳೇ ಕಾಲದವರು ಕಲ್ಲು ಒಡೆದಿದ್ದಾರೆ. ಉಳಿ ಗುರುತು ಕೂಡ ಇದೆ. ಎಷ್ಟು ಹಳೇದಿರಬಹುದು? ಮುನ್ನೂರು ವರ್ಷ?" ನಾನು ಮೂವತ್ತೆರಡು ಎಂದೆ. ಒಡೆದವರು ನಮ್ಮಪ್ಪ ಎಂದೂ ಹೇಳಿದೆ. ತಮಾಷೆ ಎಂದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಅಪ್ಪ ಬದುಕಿದ್ದಾಗ ಮೋಸಗಾರನಾಗಿದ್ದ, ಸತ್ತಮೇಲೆ ಪುರಾತನನಾದ. ನಡುವಿನಲ್ಲಿ ಒಂದು ದಿನವಾದರೂ ಮೇಸ್ತ್ರಿಯಾಗಿ ಇರಲು ಬಿಡಲಿಲ್ಲ ಯಾರೂ.

ಅವನು ಅಲ್ಲಿ ಯಾಕೆ ಕಲ್ಲು ಒಡೆದ ಎಂಬುದು ನಿಮಗೆ ಗೊತ್ತು. ಆದರೂ ಬರೆಯುತ್ತೇನೆ. ಈ ಪತ್ರದ ಒಂದು ಪ್ರತಿ ನನ್ನ ಹತ್ತಿರ ಇರುತ್ತದೆ, ಅದನ್ನು ಓದುವವರಿಗೆ ಗೊತ್ತಿರಬೇಕಲ್ಲ. ಪುಡಿಕೋಣೆಯಲ್ಲಿ ಒಂದೊಂದು ಮಾದರಿ ಪುಡಿಯಾದ ಮೇಲೂ ಯಂತ್ರದೊಳಗೆ ಅದರ ಧೂಳು ಉಳಿಯುತ್ತದೆ. ಅದು ಮುಂದಿನದಕ್ಕೆ ಸೇರಬಾರದೆಂದು ನಡುವೆ ಒಂದು ಹಿಡಿ ಬರಡು ಬೆಣಚುಕಲ್ಲು ಹಾಕಿ ತಿರುಗಿಸುತ್ತಾರೆ. ಪಾತ್ರೆ ತಿಕ್ಕಲು ಬೂದಿ ಇದ್ದ ಹಾಗೆ. ಅಪ್ಪ ಅದನ್ನು ತೊಳೆಗಲ್ಲು ಅನ್ನುತ್ತಿದ್ದ. ಇಪ್ಪತ್ತು ಪ್ಯಾಕೆಟಿಗೊಂದರಂತೆ ಅದೇ ತೊಳೆಗಲ್ಲಿನ ಪುಡಿಯನ್ನು ಬೇರೆ ನಂಬರು ಹಾಕಿ ದೂರದ ಪರೀಕ್ಷಾಲಯಕ್ಕೆ ಕಳಿಸುವುದೂ ಉಂಟು. ಅದರ ಉತ್ತರ ಸೊನ್ನೆ ಬರಬೇಕು. ಸೊನ್ನೆ ಬಂದರೆ ಪುಡಿಕೋಣೆ ಶುದ್ಧ, ಮೇಸ್ತ್ರಿ ಶುದ್ಧ. ಮೊದಲ ಹತ್ತು ರಂಧ್ರಗಳ ತನಕ ತೊಳೆಗಲ್ಲು ನದಿಯ ಆಚೆಯ ಕ್ವಾರಿಯಿಂದ ಲಾರಿಯಲ್ಲಿ ಬರುತ್ತಿತ್ತು, ಸೊನ್ನೆಯೂ ಬರುತ್ತಿತ್ತು. ಆ ಆಗಸ್ಟಿನಲ್ಲಿ ಸೇತುವೆ ಕುಸಿದು ಲಾರಿ ನಿಂತಿತು.

ಆ ದಿನ ಭಾನುವಾರ. ನೀವು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಿರಿ. ನನಗೆ ಇಪ್ಪತ್ನಾಲ್ಕು, ಗ್ರಂಥಾಲಯದ ಕೆಲಸ ಸಿಕ್ಕಿ ಮೂರು ತಿಂಗಳಾಗಿತ್ತು, ಬಡಿಸುತ್ತಿದ್ದವಳು ನಾನು. ಅಪ್ಪ ತೊಳೆಗಲ್ಲು ಮುಗಿಯುತ್ತಾ ಬಂತು, ಎರಡು ದಿನ ಯಂತ್ರ ನಿಲ್ಲಿಸಬೇಕಾಗುತ್ತೆ ಅಂದ. ನೀವು ತಲೆ ಎತ್ತದೆ ಹೇಳಿದಿರಿ: "ಲಾರಿಗೆ ಯಾಕೆ ಕಾಯ್ತೀರಿ ಭಾವ? ಪುಡಿಕೋಣೆ ಹಿಂದೇನೇ ಬಿಳಿದಿಣ್ಣೆ ಇದೆ. ಅಲ್ಲಿಂದ ತಂದ್ಬಿಡಿ. ಅದರಲ್ಲಿ ಏನೂ ಇಲ್ಲ, ಹಾಲಿನ ಹಾಗಿದೆ, ಒಂದು ತುಕ್ಕಿನ ಕಲೆ ಇಲ್ಲ." ಅಪ್ಪ ಕೇಳಿದ, "ಒಂದ್ಸಲ ಪರೀಕ್ಷೆಗೆ ಕಳಿಸಿ ನೋಡೋಣ್ವಾ?" ನೀವು ನಕ್ಕಿರಿ. "ನಾನಿರೋದು ಮತ್ಯಾಕೆ? ಕೊಳಕು ಬೆಣಚಿಗೆ ಮರ್ಯಾದೆ ಕೊಡಿ, ಬಿಳೀದನ್ನ ರಸ್ತೆಗೆ ಹಾಕಿ." ಆ ಮಾತು ಅಂದು ಎಷ್ಟು ಚೆನ್ನಾಗಿ ಕಂಡಿತೆಂದರೆ ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ, ತಾರೀಖಿನ ಸಮೇತ. ಆ ಪುಸ್ತಕ ಈಗಲೂ ಇದೆ.

ಮುಂದಿನ ಬುಧವಾರದಿಂದ ಅಪ್ಪ ಬಿಳಿದಿಣ್ಣೆಯ ಕಲ್ಲು ತಂದ. ಅಕ್ಟೋಬರಿನಲ್ಲಿ ಪರೀಕ್ಷಾಲಯದ ಉತ್ತರ ಬಂತು. ಸೊನ್ನೆ ಬರಬೇಕಾದ ಒಂಬತ್ತು ಪ್ಯಾಕೆಟಿನಲ್ಲಿ ಒಂಬತ್ತರಲ್ಲೂ ಚಿನ್ನ. ಟನ್ನಿಗೆ ಒಂದು ಮುಕ್ಕಾಲು ಗ್ರಾಮು, ಎರಡು ಗ್ರಾಮು, ಎರಡು ಕಾಲು. ಯಂತ್ರ ತೊಳೆದಂತೆಲ್ಲ ಕೊಳೆಯಾಗುತ್ತ, ಚಿನ್ನವೇ ಇರದ ಕಪ್ಪುಕಲ್ಲಿನ ಮಾದರಿಗಳಿಗೂ ಅದರ ವಾಸನೆ ತಗಲಿತ್ತು. ಈಗ ಆ ಹುಡುಗಿ ಅರ್ಧ ಗಂಟೆಯಲ್ಲಿ ನನಗೆ ಬಿಡಿಸಿ ಹೇಳಿದಳು. ಬಿಳಿದಿಣ್ಣೆ ಬೇರೆಯದೇ ಎಳೆ. ಅದರ ಚಿನ್ನ ಹಿಟ್ಟಿಗಿಂತ ಸಣ್ಣದು, ಮಸೂರದಲ್ಲೂ ಕಾಣುವುದಿಲ್ಲ, ಚಿನ್ನದ ಜೊತೆ ಸಾಮಾನ್ಯವಾಗಿ ಇರುವ, ತುಕ್ಕು ಬಿಡುವ ಖನಿಜ ಇಲ್ಲಿಲ್ಲ, ಆದ್ದರಿಂದ ಕಲೆಯೂ ಇಲ್ಲ. ಕಣ್ಣಿನಿಂದ ನೋಡಿದ ಯಾರೇ ಆದರೂ ಬರಡು ಅನ್ನುತ್ತಿದ್ದರಂತೆ. "ಅವರ ಜಾಗದಲ್ಲಿ ನಾನಿದ್ರೂ ಹಾಗೇ ಅಂತಿದ್ದೆ ಮೇಡಂ, ಆದ್ರೆ ಒಂದು ಪ್ಯಾಕೆಟ್ ಕಳಿಸ್ತಿದ್ದೆ" ಅಂದಳು. ಇಡೀ ಗುಡ್ಡದ ಅತಿ ಒಳ್ಳೆಯ ಎಳೆಯನ್ನು ಅಪ್ಪ ಬುಟ್ಟಿಯಲ್ಲಿ ಹೊತ್ತು ತಂದು ಯಂತ್ರ ತೊಳೆಯಲು ಬಳಸಿದ. ಅದಕ್ಕೆ ಸಿಕ್ಕ ಹೆಸರು ಮೋಸ.

ಆಗ ಅಪ್ಪನ ವಿಚಾರಣೆ ನಡೆದದ್ದು ಕಂಪನಿಯ ಅತಿಥಿಗೃಹದಲ್ಲಿ. ನಾನು ಅಲ್ಲಿರಲಿಲ್ಲ. ಆದರೆ ಅದರ ನಡಾವಳಿ ಮೂರು ಪುಟ ಅನುಬಂಧ ಏಳರಲ್ಲಿದೆ, ಮೊನ್ನೆ ಮೊದಲ ಸಲ ಓದಿದೆ. ತೊಳೆಯುವ ಕಲ್ಲು ಎಲ್ಲಿಂದ ತಂದೆ? ಬಿಳಿದಿಣ್ಣೆಯಿಂದ. ಅಲ್ಲಿಂದ ತರಲು ಯಾರು ಹೇಳಿದರು? ಅದರ ಮುಂದೆ ಬರೆದಿದೆ: ನೌಕರ ಉತ್ತರಿಸಲಿಲ್ಲ. ಹಾಜರಿದ್ದವರ ಪಟ್ಟಿಯಲ್ಲಿ ಮೂರನೆಯ ಹೆಸರು ನಿಮ್ಮದು. ಅಪ್ಪ ಯಾಕೆ ಉತ್ತರಿಸಲಿಲ್ಲ ಎಂಬುದನ್ನು ಅಮ್ಮ ಹೋದ ತಿಂಗಳು ಹೇಳಿದಳು, ಅದೂ ಬಟ್ಟೆ ಮಡಚುತ್ತ, ಬೇರೆ ಯಾರದೋ ವಿಷಯದ ಹಾಗೆ. ಆ ಬೆಳಗ್ಗೆ ಅಂಗಿ ಕೈಗೆ ಕೊಡುವಾಗ "ಮರಿಗೆ ಈಗಷ್ಟೇ ಕೆಲಸ ಕಾಯಂ ಆಗಿದೆ, ಅವನ ಹೆಸರು ಎಳೀಬೇಡಿ" ಎಂದಳಂತೆ. ಅಪ್ಪ, "ನಾನ್ಯಾಕೆ ಎಳೀಲಿ? ಓದಿದವನು, ಅವನೇ ಹೇಳ್ತಾನೆ ಬಿಡು" ಎಂದನಂತೆ. ಅವನು ಸುಮ್ಮನಿದ್ದದ್ದು ನಿಮ್ಮನ್ನು ಕಾಪಾಡಲು ಎಂದು ಇಷ್ಟು ದಿನ ತಿಳಿದಿದ್ದೆ. ಅದು ಪೂರ್ತಿ ನಿಜವಲ್ಲ. ಅವನು ಕಾಯುತ್ತಿದ್ದ. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ತಮ್ಮ ಬಾಯಿ ಬಿಡುತ್ತಾನೆ ಎಂದು ಕಾಯುತ್ತಿದ್ದ.

ನೀವು ಬಾಯಿ ಬಿಡಲಿಲ್ಲ, ವರದಿ ಬರೆದಿರಿ. ಅದರ ತರ್ಕವನ್ನು ನೋಡಿ. ನಕ್ಷೆಯಲ್ಲಿ ಬಿಳಿದಿಣ್ಣೆ ಬರಡು ಎಂದಿದೆ, ಆದ್ದರಿಂದ ಆ ಕಲ್ಲಿನಲ್ಲಿ ಚಿನ್ನವಿರಲು ಸಾಧ್ಯವಿಲ್ಲ, ಕಲ್ಲಿನಲ್ಲಿ ಇರದ ಚಿನ್ನ ಪ್ಯಾಕೆಟಿಗೆ ಬಂದದ್ದು ಕೈಯಿಂದಲೇ, ಕೈ ಮೇಸ್ತ್ರಿಯದು. ನಕ್ಷೆ ಬರೆದವರು ಯಾರು? ನೀವು. ಯಾವ ಪರೀಕ್ಷೆಯ ಮೇಲೆ ಬರಡು ಎಂದಿರಿ? ಯಾವುದರ ಮೇಲೂ ಅಲ್ಲ. ಒಂದು ಕಲ್ಲು ಹೊತ್ತು ತಂದವನ ಮಾತನ್ನು ನಂಬಲು ಇಡೀ ಕಚೇರಿ ಸಾಕ್ಷಿ ಕೇಳಿತು, ಕಲ್ಲು ನೋಡಿದವನ ಮಾತಿಗೆ ಬಣ್ಣದ ಪೆನ್ಸಿಲು ಸಾಕಾಯಿತು. ಇನ್ನು ಉಂಗುರ. 'ಎಡಗೈಯ ಉಂಗುರ ಅಸಹಜವಾಗಿ ಸವೆದಿದೆ' ಎಂದು ಬರೆದಿದ್ದೀರಿ. ಹದಿನೈದು ವರ್ಷ ಕಲ್ಲಿನ ಪುಡಿಯಲ್ಲಿ ಅದ್ದಿದ ಕೈಯ ಉಂಗುರ ಸವೆಯದೆ ಬೆಳೆಯುತ್ತದೆಯೇ? ಮದುವೆಯಲ್ಲಿ ಅದನ್ನು ಅವನ ಬೆರಳಿಗೆ ಹಾಕಿಸಿದವರು ನಿಮ್ಮಪ್ಪ. ಆಭರಣದ ಚಿನ್ನದಲ್ಲಿ ತಾಮ್ರ ಇರುತ್ತದೆ, ಗುಡ್ಡದ ಚಿನ್ನದಲ್ಲಿ ಬೆಳ್ಳಿ ಇರುತ್ತದೆ. ಪ್ಯಾಕೆಟಿನ ಪುಡಿಯಲ್ಲಿದ್ದ ಚಿನ್ನದ ಕಣವನ್ನು ಪರೀಕ್ಷಾಲಯದಲ್ಲಿ ಒಮ್ಮೆ ನೋಡಿಸಿದ್ದರೆ ಯಾವುದರ ಚಿನ್ನ ಎಂದು ಅರ್ಧ ದಿನದಲ್ಲಿ ಗೊತ್ತಾಗುತ್ತಿತ್ತು. ಇದನ್ನು ನಾನು ಕಲಿತದ್ದು ನಮ್ಮ ಗ್ರಂಥಾಲಯದ ಪುಸ್ತಕವೊಂದರಿಂದ. ನಿಮ್ಮ ಶಿಫಾರಸಿನ ಮೇಲೆ ತರಿಸಿದ ಪುಸ್ತಕ ಅದು.

ಜನವರಿಯಲ್ಲಿ ಕಂಪನಿ ಬಾಗಿಲು ಹಾಕಿತು. ಇನ್ನೂರು ಮನೆಯವರ ಕೆಲಸ ಹೋಯಿತು. ನಿಮಗೆ ಬೇರೆ ಕಡೆ ದೊಡ್ಡ ಹುದ್ದೆ ಸಿಕ್ಕಿ ಹೊರಟಿರಿ, ಉಳಿದವರೆಲ್ಲ ಕೆಲಸ ಹೋದದ್ದು ಉಂಗುರದ ಮೇಸ್ತ್ರಿಯಿಂದ ಎಂದರು. ಅಪ್ಪನಿಗೆ ಅದೇ ಹೆಸರು ನಿಂತಿತು. ಕ್ಷೌರದ ಅಂಗಡಿಯಲ್ಲಿ ಅವನು ಸರದಿಗೆ ಕೂತಿದ್ದಾಗ ಲಾರಿ ಡ್ರೈವರು ಕನ್ನಡಿಯಲ್ಲೇ ನೋಡುತ್ತ, "ಮೇಸ್ತ್ರಿ, ನಮ್ಮನೆ ಬಾವಿಗೂ ಒಂದ್ಸಲ ಕೈ ಅದ್ದಿ ಹೋಗಿ, ಚಿನ್ನ ಬಂದ್ರೆ ಅರ್ಧ ನಿಮಗೇ" ಅಂದನಂತೆ. ಕತ್ತರಿ ಹಿಡಿದವನೂ ನಕ್ಕನಂತೆ. ಅಪ್ಪ ಕೂದಲು ಕತ್ತರಿಸಿಕೊಳ್ಳದೆ ಬಂದ, ಆಮೇಲೆ ಕೊನೆಯ ತನಕ ಅಮ್ಮನೇ ಕತ್ತರಿಸಿದಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತಗಡಿನ ಗೂಡು ಹಾಕಿಕೊಂಡು ಚಾಕು, ಗರಗಸ ಸಾಣೆ ಹಿಡಿದ. ಕೆಮ್ಮು ಮೊದಲೇ ಇತ್ತು, ಸಾಣೆಯ ಧೂಳು ಅದಕ್ಕೆ ಜೊತೆಯಾಯಿತು. ಹತ್ತೊಂಬತ್ತು ವರ್ಷದ ಹಿಂದೆ ಹೋದಾಗ ವೈದ್ಯರು ಚೀಟಿಯಲ್ಲಿ ಕಲ್ಲುಧೂಳಿನ ಶ್ವಾಸಕೋಶ ಎಂದು ಬರೆದಿದ್ದರು. ನೀವು ಬರಲಿಲ್ಲ. ನಾಲ್ಕು ಸಾಲು ಬರೆದಿರಿ: ಭಾವ ತುಂಬ ಒಳ್ಳೆಯ ಮನುಷ್ಯ, ನನಗೆ ಅಣ್ಣನ ಹಾಗಿದ್ದರು, ಎಂದು. ಅಮ್ಮ ಅದನ್ನು ಇನ್ನೂ ಇಟ್ಟುಕೊಂಡಿದ್ದಾಳೆ. ನಾನು ಆವತ್ತೇ ಕೇಳಬೇಕಿತ್ತು, ಒಳ್ಳೆಯ ಮನುಷ್ಯ ಎಂದಾದರೆ ಫಲಕದ ಮೇಲಿನದು ಏನು ಎಂದು. ಕೇಳಲಿಲ್ಲ. ಅಮ್ಮನ ಮುಖ ನೋಡಿ ಸುಮ್ಮನಾದೆ. ನಮ್ಮ ಮನೆಯಲ್ಲಿ ಎಲ್ಲರೂ ಯಾರದೋ ಮುಖ ನೋಡಿ ಸುಮ್ಮನಾದವರೇ.

ಈಗ ಸುಮ್ಮನಿರಲಿಲ್ಲ. ಹೊಸ ಕಂಪನಿಯ ಜನಸಂಪರ್ಕದವನ ಹತ್ತಿರ ಹೋಗಿ ಕೂತೆ. ತೆಳ್ಳಗೆ, ವಿನಯವಾಗಿ ಇದ್ದಾನೆ, ನೀರು ತರಿಸಿಕೊಟ್ಟ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, "ನಿಮ್ಮ ಭಾವನೆ ಅರ್ಥ ಆಗುತ್ತೆ ಮೇಡಂ. ಆದ್ರೆ ಭಾವನೇನ ಅನುಬಂಧದಲ್ಲಿ ಹಾಕೋಕಾಗಲ್ಲ" ಅಂದ. ಭಾವನೆ ಅಲ್ಲ, ಕಲ್ಲು ಅಂದೆ. ಹುಡುಗಿಯನ್ನು ಕರೆದು ಕೇಳಿ ಅಂದೆ. ಅವಳು ಬಂದು ನನ್ನ ಪರವಾಗಿಯೇ ಮಾತಾಡಿದಳು, ಆದರೆ ಇತಿಹಾಸದ ಭಾಗ ಅವಳ ಕೈಯಲ್ಲಿಲ್ಲವಂತೆ. ಹಳೆಯ ಸಹಿಯಾದ ವರದಿ ಏನು ಹೇಳುತ್ತದೋ ಅದೇ ಇತಿಹಾಸವಂತೆ. ಕೊನೆಗೆ ಅವನು ಕೇಳಿದ, "ಆ ವರದಿ ಬರೆದವರು ಬದುಕಿದ್ದಾರಾ? ಅವರೇ ಹಿಂದಕ್ಕೆ ತಗೊಂಡ್ರೆ ಒಂದೇ ದಿನದಲ್ಲಿ ಬದಲಾಯಿಸ್ತೀವಿ. ಇಲ್ಲಾಂದ್ರೆ ಹತ್ತೊಂಬತ್ತಕ್ಕೆ ಇದ್ದ ಹಾಗೇ ಓದ್ಬೇಕಾಗುತ್ತೆ." ಬದುಕಿದ್ದಾರೆ ಎಂದೆ. ನಮ್ಮ ಮಾವ ಎನ್ನದೆ ಎದ್ದು ಬಂದೆ.

ಹೀಗಾಗಿ ಬರೆಯುತ್ತಿದ್ದೇನೆ. ನೀವು ಬೇಕೆಂದು ಮಾಡಿದಿರಿ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಕಣ್ಣನ್ನು ನಂಬಿ ತಪ್ಪಿದಿರಿ, ಆಮೇಲೆ ತಪ್ಪು ಕಾಣದಷ್ಟು ದೂರದಲ್ಲಿ ಇದ್ದಿರಿ, ಅಷ್ಟೇ ಎಂದು ಮನಸ್ಸಿಗೆ ಹೇಳಿಕೊಂಡೇ ಇಷ್ಟು ವರ್ಷ ನಿಮಗೆ ಪತ್ರ ಬರೆದಿದ್ದೇನೆ. ತಪ್ಪಿದ್ದಕ್ಕೆ ನಾಚಿಕೆಯಿಲ್ಲ. ನೂರ ಹತ್ತು ವರ್ಷದ ಹಿಂದಿನವರು ಎಡಕ್ಕೆ ಹುಡುಕಿದರು, ಸರ್ವೆಯವರು ಮಣಿಸರ ಎಂದರು, ನೀವು ಬರಡು ಎಂದಿರಿ. ಮೊದಲಿನವರು ಯಾರೂ ತಮ್ಮ ತಪ್ಪಿಗೆ ಇನ್ನೊಬ್ಬನತ್ತ ಬೆರಳು ತೋರಿಸಲಿಲ್ಲ, ಅದೊಂದೇ ವ್ಯತ್ಯಾಸ. ಅರ್ಧ ಪುಟ ಸಾಕು: ಬಿಳಿದಿಣ್ಣೆಯ ಕಲ್ಲನ್ನು ಬಳಸಲು ನಾನೇ ಹೇಳಿದ್ದೆ, ಅದನ್ನು ಪರೀಕ್ಷಿಸಿರಲಿಲ್ಲ, ಮೇಸ್ತ್ರಿಯ ಮೇಲಿನ ಆರೋಪವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಸಹಿ, ತಾರೀಖು. ಬರಲು ಆಗದಿದ್ದರೆ ನಿಮ್ಮ ಮಗಳ ಕೈಯಲ್ಲಿ ಕಳಿಸಿಕೊಡಿ, ನಾನು ಬಸ್‌ ನಿಲ್ದಾಣದಲ್ಲಿ ಬಂದು ತೆಗೆದುಕೊಳ್ಳುತ್ತೇನೆ. ಅಮ್ಮನಿಗೆ ಇಷ್ಟೆಲ್ಲ ಬರೆದದ್ದು ಗೊತ್ತಿಲ್ಲ. ಮೆತ್ತಗೆ ಬರಿ, ಮಂಡಿ ನೋವಿನವನು ಎಂದಿದ್ದಾಳೆ. ಇದು ನನಗೆ ಬರುವಷ್ಟು ಮೆತ್ತಗೆ.

ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳಿ. ನಿಮ್ಮ ಮೊಮ್ಮಗಳು ಪರೀಕ್ಷೆಯಲ್ಲಿ ಚೆನ್ನಾಗಿ ಬರೆದಳೆಂದು ಕೇಳಿ ಸಂತೋಷವಾಯಿತು. ಮೆಟ್ಟಿಲು ಹತ್ತಬೇಡಿ. ಅಮ್ಮನ ಆಶೀರ್ವಾದ, ನನ್ನ ನಮಸ್ಕಾರ.

ನಿಮ್ಮ ಅಕ್ಕನ ಮಗಳು

ಮರೆತ ಮಾತಲ್ಲ, ಈಗ ತಿಳಿದದ್ದು: ಲಕೋಟೆಗೆ ಗೋಂದು ಹಚ್ಚುವಷ್ಟರಲ್ಲಿ ಆ ಹುಡುಗಿ ಬಂದಳು. ಹಳೆಯ ಕಂಪನಿಯ ಕಾಗದಗಳನ್ನು ಹೊಸಬರು ಪೆಟ್ಟಿಗೆ ಸಮೇತ ಕೊಂಡಿದ್ದಾರಂತೆ, ಅದರಲ್ಲಿ ನೀವು ಗುಡ್ಡದಲ್ಲಿ ಟಿಪ್ಪಣಿ ಬರೆಯುತ್ತಿದ್ದ ಹಸಿರು ರಟ್ಟಿನ ಪುಸ್ತಕ ಸಿಕ್ಕಿತಂತೆ. ಅರವತ್ತೊಂದನೆಯ ಪುಟದ ನಕಲು ತಂದಿದ್ದಳು. ನವೆಂಬರ್ ಇಪ್ಪತ್ತೈದು: ಬಿಳಿದಿಣ್ಣೆ, ಎರಡು ಮಾದರಿ, ಸ್ವತಃ ತೆಗೆದದ್ದು, ಖಾಸಗಿಯಾಗಿ ಕಳಿಸಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಡಿಸೆಂಬರ್ ಹತ್ತೊಂಬತ್ತು: ೨.೨ ಮತ್ತು ೧.೯. ಟನ್ನಿಗೆ ಗ್ರಾಮಿನ ಲೆಕ್ಕ, ಅಪ್ಪನ ಪ್ಯಾಕೆಟಿನಲ್ಲಿ ಬಂದಷ್ಟೇ. ಮುಂದೆ ಏನೂ ಇಲ್ಲ, ಖಾಲಿ ಪುಟ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು. "ಮರಿ ಅಕ್ಷರಾನೇ" ಅಂದಳು. ಆಮೇಲೆ ನನ್ನ ಕೈಯಿಂದ ಪತ್ರ ತೆಗೆದುಕೊಂಡು ಪೂರ್ತಿ ಓದಿ, "ಮೆತ್ತಗೆ ಬರೆದದ್ದು ಸಾಕು" ಅಂದಳು.

ಹಾಗಾದರೆ ನೋಟೀಸು ಅಂಟಿಸಿ ಎಂಟನೆಯ ದಿನಕ್ಕೆ ನಿಮಗೆ ಅನುಮಾನ ಬಂದಿತ್ತು, ಮೂವತ್ತೆರಡನೆಯ ದಿನಕ್ಕೆ ನಿಜ ತಿಳಿದಿತ್ತು. ಕಂಪನಿ ಬಾಗಿಲು ಹಾಕಲು ಇನ್ನೂ ನಾಲ್ಕು ವಾರ ಇತ್ತು. ಅಪ್ಪನಿಗೆ ಇನ್ನೂ ಹದಿನೈದು ವರ್ಷ ಇತ್ತು. ಅರ್ಧ ಪುಟದ ಮಾತು ಇನ್ನಿಲ್ಲ, ಅದನ್ನು ಕಳಿಸಬೇಡಿ. ಅರವತ್ತೊಂದನೆಯ ಪುಟವನ್ನು ಹತ್ತೊಂಬತ್ತಕ್ಕೆ ಅಮ್ಮ ಸಭೆಯ ಮುಂದೆ ಎದ್ದು ನಿಂತು ಓದುತ್ತಾಳೆ, ಮಾತಾಡುವವರ ಪಟ್ಟಿಯಲ್ಲಿ ಅವಳ ಹೆಸರನ್ನು ಇವತ್ತೇ ಬರೆಸಿಬಂದೆ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳುತ್ತಾಳೆ: ಡಿಸೆಂಬರ್ ಇಪ್ಪತ್ತನೆಯ ತಾರೀಖು ನೀನು ಯಾಕೆ ಹೇಳಲಿಲ್ಲ? ಕೋಲು ಹಿಡಿದಾದರೂ ಬನ್ನಿ, ಕುರ್ಚಿಯಲ್ಲಿ ಹೊತ್ತು ತರಿಸಿಕೊಂಡಾದರೂ ಬನ್ನಿ. ಆ ಇನ್ನೂರು ಮನೆಯವರಲ್ಲಿ ಉಳಿದವರೂ ಅಲ್ಲಿರುತ್ತಾರೆ. ಉತ್ತರವನ್ನು ನನಗೆ ಬರೆಯಬೇಡಿ, ಅಮ್ಮನಿಗೂ ಬರೆಯಬೇಡಿ. ಅವರೆಲ್ಲರ ಎದುರಿಗೆ ಹೇಳಿ.